ಮೂರು ದಿನದಲ್ಲಿ ಹಾಸ್ಟೆಲ್ ಕೊಠಡಿ ತೆರವು ಮಾಡಬೇಕೆಂಬ ನೋಟಿಸ್: ವಿದ್ಯಾರ್ಥಿನಿಗೆ ಇರುವ ಹಕ್ಕುಗಳೇನು?

ಪ್ರಶ್ನೆ: ಎಂ.ಎ. ಎರಡನೇ ವರ್ಷದ ವಿದ್ಯಾರ್ಥಿನಿ

ಮಾನ್ಯರೇ,

ನಾನು ಉತ್ತರ ಕರ್ನಾಟಕದ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಎಂ.ಎ. ಓದುತ್ತಿದ್ದೇನೆ. ಎರಡು ವರ್ಷಗಳಿಂದ ವಿಶ್ವವಿದ್ಯಾಲಯದ ಮಹಿಳಾ ವಿದ್ಯಾರ್ಥಿನಿಲಯದಲ್ಲಿದ್ದೇನೆ. ನಮ್ಮ ನಿಲಯದ ಗೇಟಿಗೆ ಸಂಜೆ 6.30ಕ್ಕೆ ಬೀಗ ಬೀಳುತ್ತದೆ. ಅದೇ ಆವರಣದ ಗ್ರಂಥಾಲಯ ರಾತ್ರಿ 8ರವರೆಗೆ ತೆರೆದಿರುತ್ತದೆ. ಪುರುಷರ ನಿಲಯಗಳಲ್ಲಿ ಹೊರಹೋಗಿ ಬರುವುದಕ್ಕೆ ಸಮಯದ ಕಟ್ಟುಪಾಡು ಇಲ್ಲ.

ಕಿರುಪ್ರಬಂಧದ ಕ್ಷೇತ್ರಕಾರ್ಯಕ್ಕಾಗಿ ಹಳ್ಳಿಗಳಿಗೆ ಹೋಗಬೇಕಾಗಿರುವುದರಿಂದ ಈ ಸೆಮಿಸ್ಟರಿನಲ್ಲಿ ಮೂರು ಸಲ ನಾನು ತಡವಾಗಿ ಬಂದಿದ್ದೇನೆ. ಮೂರನೆಯ ಸಲ ಬಸ್ಸು ತಪ್ಪಿ, ನಿಲಯ ತಲುಪಿದಾಗ 7.40 ಆಗಿತ್ತು. ಮಾರ್ಗದರ್ಶಕರ ಸಹಿಯಿದ್ದ ಪತ್ರ ಕೈಯಲ್ಲಿದ್ದರೂ ಗೇಟಿನ ಹೊರಗೆ ಬೀದಿದೀಪವಿಲ್ಲದ ಜಾಗದಲ್ಲಿ ಅರ್ಧ ಗಂಟೆಗೂ ಹೆಚ್ಚು ಹೊತ್ತು ನಿಲ್ಲಿಸಿದರು. ಮರುದಿನ ನಿಲಯದ ಸಿಬ್ಬಂದಿ ನನ್ನ ಕೊಠಡಿಗೆ ಬಂದು ಪೆಟ್ಟಿಗೆ, ಹಾಸಿಗೆ ಎಲ್ಲವನ್ನೂ ತಡಕಾಡಿದರು. ಮೊಬೈಲಿನ ಲಾಕ್ ತೆಗೆಸಿ ವಾಟ್ಸಾಪ್ ಸಂದೇಶಗಳನ್ನು ಓದಿದರು. ಏನೂ ಸಿಗಲಿಲ್ಲ. ನಿನ್ನೆ ಸಂಜೆ ಅರ್ಧ ಹಾಳೆಯ ನೋಟಿಸೊಂದನ್ನು ಕೊಟ್ಟಿದ್ದಾರೆ. ಅದರಲ್ಲಿರುವುದು ಇಷ್ಟೇ: "ಪದೇ ಪದೇ ಶಿಸ್ತು ಉಲ್ಲಂಘಿಸಿರುವುದರಿಂದ ಹಾಗೂ ಸಹನಿವಾಸಿಗಳಿಂದ ದೂರುಗಳು ಬಂದಿರುವುದರಿಂದ ಮೂರು ದಿನದೊಳಗೆ ಕೊಠಡಿ ತೆರವು ಮಾಡತಕ್ಕದ್ದು." ಯಾವ ದಿನ ಏನು ಮಾಡಿದೆ, ಯಾವ ನಿಯಮ ಮುರಿದೆ, ದೂರಿನಲ್ಲಿ ಏನಿದೆ ಎಂಬ ಒಂದು ಮಾತೂ ಅದರಲ್ಲಿಲ್ಲ. ನೋಟಿಸಿಗೆ ಸಂಖ್ಯೆಯೂ ಇಲ್ಲ.

ಪರೀಕ್ಷೆಗೆ ಐದು ವಾರ ಉಳಿದಿದೆ. ಊರು 120 ಕಿಲೋಮೀಟರ್ ದೂರ. ಹೊರಗೆ ಪಿ.ಜಿ. ಹಿಡಿಯುವ ಶಕ್ತಿ ನಮ್ಮ ಮನೆಯವರಿಗಿಲ್ಲ. ಪ್ರವೇಶದ ದಿನ ನಾನೂ ನನ್ನ ತಂದೆಯವರೂ ಒಂದು ಮುಚ್ಚಳಿಕೆಗೆ ಸಹಿ ಹಾಕಿದ್ದೆವು. ನಿಲಯಪಾಲಕರ ತೀರ್ಮಾನವೇ ಅಂತಿಮ, ಕಾರಣ ನೀಡದೆಯೂ ಪ್ರವೇಶ ರದ್ದುಪಡಿಸಬಹುದು ಎಂದು ಅದರಲ್ಲಿದೆ. ಆ ಸಹಿಯಿಂದ ನನ್ನ ಬಾಯಿ ಕಟ್ಟಿದಂತಾಯಿತೇ? ವಿಚಾರಣೆಯಿಲ್ಲದೆ ಹೊರಹಾಕಲು ಅವರಿಗೆ ಅಧಿಕಾರವಿದೆಯೇ? ನಾನು ಈಗ ಯಾರಿಗೆ, ಹೇಗೆ ಬರೆಯಬೇಕು? ತಿಳಿದವರು ದಯವಿಟ್ಟು ಉತ್ತರಿಸಿ.

ಉತ್ತರ: ಒಬ್ಬ ತಂದೆ

ತಂಗಿ, ನನ್ನ ಮಗಳೂ ಹಾಸ್ಟೆಲಿನಲ್ಲಿದ್ದಾಳೆ. ಸಂಜೆ ಗೇಟು ಮುಚ್ಚುತ್ತಾರೆ ಎಂಬ ಭರವಸೆಯಿಲ್ಲದಿದ್ದರೆ ನಾನು ಅವಳನ್ನು ಓದಲು ಅಷ್ಟು ದೂರ ಕಳುಹಿಸುತ್ತಿರಲಿಲ್ಲ ಎಂಬುದನ್ನು ಮುಚ್ಚಿಡದೆ ಹೇಳುತ್ತೇನೆ. ನಮ್ಮಂಥ ಎಷ್ಟೋ ಮನೆಗಳಲ್ಲಿ ಆ ಬೀಗವನ್ನು ನೋಡಿಯೇ ಹೆಣ್ಣುಮಕ್ಕಳನ್ನು ಎಂ.ಎ.ವರೆಗೆ ಓದಿಸಲು ಒಪ್ಪುತ್ತಾರೆ. ಆದ್ದರಿಂದ ಸಮಯದ ನಿಯಮವೇ ತಪ್ಪು ಎಂದು ವಾದಿಸುವ ಮೊದಲು ನಿಮ್ಮ ತಂದೆತಾಯಿಯೊಡನೆ ಒಮ್ಮೆ ಮಾತನಾಡಿ. ಆದರೆ ಮಾರ್ಗದರ್ಶಕರ ಪತ್ರವಿದ್ದರೂ ಹೆಣ್ಣುಮಗಳೊಬ್ಬಳನ್ನು ಕತ್ತಲಲ್ಲಿ ಹೊರಗೆ ನಿಲ್ಲಿಸಿದರೆಂಬುದನ್ನು ಓದಿ ನನಗೆ ಸಂಕಟವಾಯಿತು. ಕಾಪಾಡುವುದಕ್ಕೆಂದು ಹಾಕಿದ ಬೀಗ ಅವಳನ್ನೇ ಹೊರಗಿಟ್ಟರೆ ಅದನ್ನು ಏಕೆ ಹಾಕಬೇಕು?

ಉತ್ತರ: ಹೈಕೋರ್ಟಿನ ಧಾರವಾಡ ಪೀಠದಲ್ಲಿ ವಕೀಲಿ ವೃತ್ತಿಯಲ್ಲಿರುವವರು

ಮೊದಲು ಮುಚ್ಚಳಿಕೆಯ ವಿಷಯ ಹೇಳುತ್ತೇನೆ, ಏಕೆಂದರೆ ವಿದ್ಯಾರ್ಥಿಗಳು ಹೆದರುವುದು ಅದಕ್ಕೇ. ಸಂವಿಧಾನ ಕೊಟ್ಟ ಮೂಲಭೂತ ಹಕ್ಕನ್ನು ಯಾರೂ ಸಹಿ ಹಾಕಿ ಬಿಟ್ಟುಕೊಡಲಾಗದು. 1985ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ ಓಲ್ಗಾ ಟೆಲ್ಲಿಸ್ ಪ್ರಕರಣದಲ್ಲಿ, ಮುಂಬಯಿಯ ಪಾದಚಾರಿ ಮಾರ್ಗದ ನಿವಾಸಿಗಳು ಗುಡಿಸಲು ತೆರವಿಗೆ ಅಡ್ಡಿಪಡಿಸುವುದಿಲ್ಲವೆಂದು ಹೈಕೋರ್ಟಿಗೆ ಮಾತು ಕೊಟ್ಟಿದ್ದರು. ಆ ಮಾತನ್ನು ಮುಂದಿಟ್ಟು ಅವರ ಬಾಯಿ ಮುಚ್ಚಿಸಲಾಗದು, ಸಂವಿಧಾನ ಕೊಟ್ಟ ಹಕ್ಕನ್ನು ಅಂಥ ಮಾತು ಕಟ್ಟಿಹಾಕಲಾರದು ಎಂದು ನ್ಯಾಯಾಲಯ ಹೇಳಿತು. ತೆರವಿಗೆ ಮುನ್ನ ಅಹವಾಲು ಕೇಳುವುದೇ ಸಾಮಾನ್ಯ ನಿಯಮ ಎಂಬುದೂ ಆ ತೀರ್ಪಿನಲ್ಲಿದೆ. ಆ ನಿವಾಸಿಗಳಿಗೆ ಅಲ್ಲೇ ಶಾಶ್ವತವಾಗಿ ಉಳಿಯುವ ಹಕ್ಕು ಮಾತ್ರ ಸಿಗಲಿಲ್ಲ ಎಂಬುದನ್ನೂ ನೆನಪಿಡಿ. ನಿಮ್ಮ ವಿಷಯದಲ್ಲಿಯೂ ಹಾಗೆಯೇ. ಹಾಸ್ಟೆಲ್ ನಿವಾಸಿ ಬಾಡಿಗೆದಾರರಲ್ಲ, ಅನುಮತಿಯ ಮೇಲೆ ಇರುವವರು. ನಿಮ್ಮನ್ನು ಹೊರಹಾಕಲೇಬಾರದೆಂದು ವಾದಿಸುವುದು ಕಷ್ಟ, ಕೇಳದೆ ಹೊರಹಾಕಬಾರದೆಂದು ವಾದಿಸುವುದು ಸುಲಭ.

ಸರ್ಕಾರಿ ವಿಶ್ವವಿದ್ಯಾಲಯವು ಸಂವಿಧಾನದ ದೃಷ್ಟಿಯಲ್ಲಿ ಪ್ರಭುತ್ವದ ಅಂಗ. ಅದು ಶಿಕ್ಷಿಸುವ ಮುನ್ನ ಆರೋಪವೇನೆಂದು ತಿಳಿಸಬೇಕು, ಉತ್ತರಿಸಲು ಕಾಲಾವಕಾಶ ಕೊಡಬೇಕು, ದೂರು ಕೊಟ್ಟವರೇ ತೀರ್ಪು ಕೊಡುವವರಾಗಬಾರದು. ನಾವು ಸಹಜ ನ್ಯಾಯ ಎನ್ನುವುದು ಇದನ್ನೇ. ನಿಮ್ಮ ಅರ್ಧ ಹಾಳೆಯ ನೋಟಿಸು ಈ ಮೊದಲ ಮೆಟ್ಟಿಲನ್ನೇ ಹತ್ತಿಲ್ಲ.

ಆದರೆ ವಿಚಾರಣೆಯೆಂದರೆ ಕೋರ್ಟಿನಂತೆ ಸಾಕ್ಷಿಗಳ ಪಾಟೀಸವಾಲು ನಡೆಯಬೇಕೆಂದು ಭಾವಿಸಬೇಡಿ. ಇದಕ್ಕೆ ಹಾಸ್ಟೆಲಿನದೇ ಒಂದು ಪ್ರಕರಣವಿದೆ. 1972ರ ಜೂನ್ ತಿಂಗಳ ಒಂದು ರಾತ್ರಿ ರಾಂಚಿಯ ರಾಜೇಂದ್ರ ವೈದ್ಯಕೀಯ ಕಾಲೇಜಿನ ಕೆಲವು ಗಂಡು ವಿದ್ಯಾರ್ಥಿಗಳು ಹುಡುಗಿಯರ ಹಾಸ್ಟೆಲಿನ ಆವರಣಕ್ಕೆ ನುಗ್ಗಿ ಅಸಭ್ಯವಾಗಿ ವರ್ತಿಸಿದರೆಂದು 36 ವಿದ್ಯಾರ್ಥಿನಿಯರು ದೂರು ಕೊಟ್ಟರು. ಮೂವರ ಸಮಿತಿ ಆ ಹುಡುಗಿಯರ ಹೇಳಿಕೆಗಳನ್ನು ಆರೋಪಿಗಳ ಗೈರುಹಾಜರಿಯಲ್ಲಿ ಪಡೆಯಿತು. ಅನಂತರ ಆರೋಪಿಗಳನ್ನು ಕರೆದು, ಆರೋಪ ತಿಳಿಸಿ, ಉತ್ತರ ಪಡೆದು, ಕಾಲೇಜಿನಿಂದ ಹೊರಹಾಕಲು ಶಿಫಾರಸು ಮಾಡಿತು. ಹೀರಾನಾಥ ಮಿಶ್ರಾ ಪ್ರಕರಣವೆಂದು ಹೆಸರಾದ ಇದರಲ್ಲಿ ಸುಪ್ರೀಂ ಕೋರ್ಟು 1973ರಲ್ಲಿ ಆ ಕ್ರಮವನ್ನು ಎತ್ತಿಹಿಡಿಯಿತು. ಅದೇ ಆವರಣದಲ್ಲಿ ಓಡಾಡಬೇಕಾದ ಹುಡುಗಿಯರನ್ನು ಆರೋಪಿಗಳ ಎದುರಿಗೆ ನಿಲ್ಲಿಸಿ ಪ್ರಶ್ನಿಸುವುದು ಸಾಧ್ಯವೂ ಅಲ್ಲ, ಸರಿಯೂ ಅಲ್ಲ ಎಂಬುದು ಅದರ ತಾತ್ಪರ್ಯ. ಹಾಗಾಗಿ ನಿಮ್ಮ ಮೇಲೆ ದೂರು ಕೊಟ್ಟ ಸಹನಿವಾಸಿಗಳ ಹೆಸರನ್ನು ಗುಟ್ಟಾಗಿಡಲು ನಿಲಯದವರಿಗೆ ಕಾರಣವಿರಬಹುದು. ದೂರಿನ ಸಾರಾಂಶವನ್ನು ಗುಟ್ಟಾಗಿಡಲು ಯಾವ ಕಾರಣವೂ ಇರಲಾರದು.

ಗೇಟಿನ ಸಮಯದ ಬಗ್ಗೆ ನಿಮ್ಮ ಕೈಯಲ್ಲಿ ಬಲವಾದ ಆಧಾರವಿದೆ. ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಲೈಂಗಿಕ ಕಿರುಕುಳ ತಡೆಗಟ್ಟುವ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2015ರ ನಿಯಮಾವಳಿ 2016ರ ಮೇ ತಿಂಗಳಲ್ಲಿ ಗೆಜೆಟ್ಟಿನಲ್ಲಿ ಪ್ರಕಟವಾಯಿತು. ವಿದ್ಯಾರ್ಥಿನಿಯರ ಸುರಕ್ಷತೆಯ ನೆಪದಲ್ಲಿ ಹಾಸ್ಟೆಲುಗಳಲ್ಲಿ ಪುರುಷ ವಿದ್ಯಾರ್ಥಿಗಳಿಗಿಲ್ಲದ ತಾರತಮ್ಯದ ನಿಯಮಗಳನ್ನು ಅವರ ಮೇಲೆ ಹೇರಬಾರದು, ಸುರಕ್ಷತೆಯ ಕ್ರಮಗಳು ಅತಿಯಾದ ಕಣ್ಗಾವಲಿಗೆ ಅಥವಾ ಓಡಾಟದ ಸ್ವಾತಂತ್ರ್ಯವನ್ನು ಮೊಟಕುಗೊಳಿಸುವುದಕ್ಕೆ ದಾರಿಯಾಗಬಾರದು ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ಮೇಲೆ ಬರೆದಿರುವ ತಂದೆಯವರ ಕಳವಳ ನನಗೆ ಅರ್ಥವಾಗುತ್ತದೆ. ಅದಕ್ಕೆ ಉತ್ತರವೂ ಆ ನಿಯಮಾವಳಿಯಲ್ಲಿಯೇ ಇದೆ: ಸಾಕಷ್ಟು ಬೆಳಕು, ತರಬೇತಾದ ಮಹಿಳಾ ಭದ್ರತಾ ಸಿಬ್ಬಂದಿ, ನಂಬಬಹುದಾದ ಸಾರಿಗೆ ಇವನ್ನೆಲ್ಲ ಒದಗಿಸುವುದು ಸಂಸ್ಥೆಯ ಹೊಣೆ.

ನೆರೆಯ ಕೇರಳದಲ್ಲಿ ಈ ಪ್ರಶ್ನೆ ಹೈಕೋರ್ಟಿನ ಮೆಟ್ಟಿಲೇರಿತ್ತು. ಕೋಳಿಕ್ಕೋಡ್ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿನಿಯರ ಅರ್ಜಿ ನ್ಯಾಯಾಲಯದ ಮುಂದಿರುವಾಗಲೇ, 2022ರ ಡಿಸೆಂಬರಿನಲ್ಲಿ ಅಲ್ಲಿನ ಸರ್ಕಾರ ಗಂಡು ಹೆಣ್ಣು ಎಂಬ ಭೇದವಿಲ್ಲದ ಆದೇಶ ಹೊರಡಿಸಿತು. ಎರಡನೇ ವರ್ಷದಿಂದ ಮೇಲಿನವರು ರಾತ್ರಿ 9.30ರ ನಂತರವೂ ರಿಜಿಸ್ಟರಿನಲ್ಲಿ ಬರೆದು ಒಳಗೆ ಬರಲು ಅದು ಅವಕಾಶ ಕೊಟ್ಟಿತು.

ಮೊಬೈಲಿನ ವಿಷಯ ಇನ್ನೂ ಗಂಭೀರ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪಿತ್ತಿತು. ಆ ಅರ್ಜಿ ಸಲ್ಲಿಸಿದ ಕೆ.ಎಸ್. ಪುಟ್ಟಸ್ವಾಮಿಯವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳಾಗಿದ್ದರು. ಅದರ ಬೆಳಕಿನಲ್ಲಿಯೇ ಕೇರಳ ಹೈಕೋರ್ಟು 2019ರ ಸೆಪ್ಟೆಂಬರ್ 19ರಂದು ಫಹೀಮಾ ಶಿರಿನ್ ಪ್ರಕರಣವನ್ನು ತೀರ್ಮಾನಿಸಿತು. ಸಂಜೆ 6ರಿಂದ ರಾತ್ರಿ 10ರವರೆಗೆ ಮೊಬೈಲ್ ಒಪ್ಪಿಸಬೇಕೆಂಬ ನಿಯಮವನ್ನು ಒಪ್ಪದ ವಿದ್ಯಾರ್ಥಿನಿಯನ್ನು ಅಲ್ಲಿ ಹಾಸ್ಟೆಲಿನಿಂದ ಹೊರಹಾಕಿದ್ದರು. ಅಂತರಜಾಲದ ಬಳಕೆ ಶಿಕ್ಷಣದ ಹಕ್ಕಿನ ಮತ್ತು ಖಾಸಗಿತನದ ಹಕ್ಕಿನ ಭಾಗವೆಂದು ಹೇಳಿದ ನ್ಯಾಯಾಲಯ ಆಕೆಯನ್ನು ಮರಳಿ ಸೇರಿಸಿಕೊಳ್ಳಲು ಆದೇಶಿಸಿತು. ಕೇರಳದ ತೀರ್ಪು ನಮ್ಮ ರಾಜ್ಯದಲ್ಲಿ ಕಡ್ಡಾಯವಲ್ಲ, ಆದರೆ ನಮ್ಮ ನ್ಯಾಯಾಲಯಗಳು ಅದನ್ನು ಗೌರವದಿಂದ ಪರಿಶೀಲಿಸುತ್ತವೆ. ಅಲ್ಲಿ ಮೊಬೈಲ್ ಒಪ್ಪಿಸಿ ಎಂದಿದ್ದರು. ನಿಮ್ಮಲ್ಲಿ ಬೀಗ ತೆಗೆಸಿ ಒಳಗಿನ ಮಾತುಕತೆಯನ್ನೇ ಓದಿದ್ದಾರೆ.

ಉತ್ತರ: ನಿವೃತ್ತ ನಿಲಯಪಾಲಕ

ನಾನು ಬೋಧನೆಯ ಜೊತೆಗೆ ಹನ್ನೊಂದು ವರ್ಷ ನಿಲಯಪಾಲಕನ ಹೊಣೆ ಹೊತ್ತಿದ್ದೆ. ವಕೀಲರು ಬರೆದುದನ್ನು ಒಪ್ಪುತ್ತೇನೆ, ಆದರೆ ಮೇಜಿನ ಆ ಕಡೆ ಕುಳಿತವರ ಸ್ಥಿತಿಯನ್ನೂ ಇಲ್ಲಿ ಹೇಳಬೇಕಾಗಿದೆ.

ಕೊಠಡಿಯ ತಪಾಸಣೆಯೇ ತಪ್ಪಲ್ಲ. ಒಮ್ಮೆ ನಮ್ಮ ನಿಲಯದ ಎರಡನೇ ಮಹಡಿಯ ಕೊಠಡಿಯೊಂದರಲ್ಲಿ ಬಕೆಟಿಗೆ ಇಳಿಬಿಟ್ಟ ನೀರು ಕಾಯಿಸುವ ಕಾಯಿಲನ್ನು ಮರೆತು ಹುಡುಗನೊಬ್ಬ ತರಗತಿಗೆ ಹೋಗಿದ್ದ. ನೀರು ಆರಿ, ಪ್ಲಾಸ್ಟಿಕ್ ಬಕೆಟ್ ಕರಗಿ, ಮಂಚದ ಕಾಲಿನ ತನಕ ಹರಿದು ಹೆಪ್ಪುಗಟ್ಟಿತ್ತು. ಹಾಸಿಗೆಗೆ ಒಂದು ಗೇಣು ಉಳಿದಿತ್ತು. ಅಂದಿನಿಂದ ತಿಂಗಳಿಗೊಮ್ಮೆ ಪ್ಲಗ್ಗು, ವೈರು, ಇಂಡಕ್ಷನ್ ಒಲೆ ನೋಡಲು ಪ್ರತಿ ಕೊಠಡಿಗೂ ಹೋಗುತ್ತಿದ್ದೆ. ಆದರೆ ಹಿಂದಿನ ದಿನವೇ ಫಲಕದಲ್ಲಿ ಬರೆಸುತ್ತಿದ್ದೆ, ಕೊಠಡಿಯವರು ಇದ್ದಾಗಲೇ ಹೋಗುತ್ತಿದ್ದೆ, ಪೆಟ್ಟಿಗೆ ತೆರೆಸುತ್ತಿರಲಿಲ್ಲ. ಸಾಮಾನು ನೋಡುವ ಅಧಿಕಾರವನ್ನು ಪತ್ರ, ಫೋಟೋ, ಸಂದೇಶ ಓದುವವರೆಗೆ ಎಳೆದರೆ ಅದನ್ನು ತಪಾಸಣೆ ಎನ್ನಲಾಗದು.

ರ‍್ಯಾಗಿಂಗ್ ಕುರಿತ ನಿಯಮಗಳನ್ನೂ ಇಲ್ಲಿ ಮರೆಯಬಾರದು. ಯುಜಿಸಿಯ 2009ರ ನಿಯಮಾವಳಿ ಹಾಸ್ಟೆಲುಗಳ ಮೇಲೆ ಹಠಾತ್ ದಾಳಿ ನಡೆಸುವ ಅಧಿಕಾರವನ್ನು ರ‍್ಯಾಗಿಂಗ್ ವಿರೋಧಿ ದಳಕ್ಕೆ ಕೊಟ್ಟಿದೆ. ಹಾಸ್ಟೆಲಿನಿಂದ ಹೊರಹಾಕುವುದು ಅಲ್ಲಿ ಹೇಳಿರುವ ಶಿಕ್ಷೆಗಳಲ್ಲೊಂದು. ಆ ನಿಯಮಗಳು ಬರುವುದಕ್ಕೆ ಮೊದಲು ಮಕ್ಕಳು ಜೀವ ಕಳೆದುಕೊಂಡಿದ್ದಾರೆ. ಹೊಸಬನೊಬ್ಬ ರಾತ್ರಿ ಎರಡು ಗಂಟೆಗೆ ನಡುಗುತ್ತ ನನ್ನ ಮನೆಯ ಬಾಗಿಲು ತಟ್ಟಿದ್ದನ್ನು ನಾನು ಇಂದಿಗೂ ಮರೆತಿಲ್ಲ. ಅಂಥ ಹೊತ್ತಿನಲ್ಲಿ ನಿಲಯಪಾಲಕ ತಕ್ಷಣ ಕ್ರಮ ಕೈಗೊಳ್ಳಬೇಕಾಗುತ್ತದೆ, ಮತ್ತು ವಿದ್ಯಾರ್ಥಿಗಳ ಹಕ್ಕು ಎಂದರೆ ಆ ಹೊಸಬನ ಹಕ್ಕೂ ಹೌದು. ಬಸ್ಸು ತಪ್ಪಿ ತಡವಾಗಿ ಬಂದ ವಿದ್ಯಾರ್ಥಿನಿಗೆ ಆ ತುರ್ತನ್ನು ಅನ್ವಯಿಸುವುದು ಸರಿಯಲ್ಲ. ತಪ್ಪಿನ ತೂಕಕ್ಕೆ ಶಿಕ್ಷೆಯ ತೂಕ ಹೊಂದಬೇಕು. ಮೂರು ಸಲ ತಡವಾದುದಕ್ಕೆ ಮೊದಲು ಬಾಯಿಮಾತಿನ ಎಚ್ಚರಿಕೆ, ಆಮೇಲೆ ಲಿಖಿತ ಎಚ್ಚರಿಕೆ, ಆಮೇಲೆ ಪಾಲಕರಿಗೆ ಪತ್ರ ಹೋಗಬೇಕಾಗಿತ್ತು. ಇವು ಯಾವುವೂ ಆಗದೆ ನೇರವಾಗಿ ತೆರವಿನ ನೋಟಿಸು ಬಂದಿದ್ದರೆ, ಪರೀಕ್ಷೆಯ ಹೊತ್ತಿನಲ್ಲಿ ಅದನ್ನು ಯಾವ ಕುಲಸಚಿವರೂ ಸಮರ್ಥಿಸಲಾರರು.

ಒಂದು ಮಾತು ಕೇಳುತ್ತೇನೆ, ಬೇಸರಪಡಬೇಡಿ. ಹೊರಗೆ ಹೋಗುವಾಗ ಗೇಟಿನ ರಿಜಿಸ್ಟರಿನಲ್ಲಿ ಎಲ್ಲಿಗೆ, ಏಕೆ, ಎಷ್ಟು ಹೊತ್ತಿಗೆ ವಾಪಸು ಎಂಬ ಅಂಕಣಗಳನ್ನು ನೀವು ಪ್ರತಿ ಸಲವೂ ತುಂಬಿದ್ದೀರಾ? ಎಷ್ಟೋ ವಿದ್ಯಾರ್ಥಿಗಳು "ಹೊರಗೆ" ಎಂದಷ್ಟೇ ಬರೆದು ಹೋಗುತ್ತಾರೆ. "ಕ್ಷೇತ್ರಕಾರ್ಯ" ಎಂದೂ ಹಳ್ಳಿಯ ಹೆಸರನ್ನೂ ಬರೆದಿದ್ದರೆ ಆ ಪುಟವೇ ನಿಮ್ಮ ಪರವಾದ ಸಾಕ್ಷಿ.

ಉತ್ತರ: ಸಂಶೋಧನಾ ವಿದ್ಯಾರ್ಥಿನಿ

ತಂಗಿ, ಕಾನೂನಿನ ಮಾತನ್ನು ವಕೀಲರು ಹೇಳಿದ್ದಾರೆ. ನಾಳೆ ಬೆಳಿಗ್ಗೆ ಏನು ಮಾಡಬೇಕೆಂಬುದನ್ನು ನಾನು ಹೇಳುತ್ತೇನೆ. ಮೂರು ವರ್ಷಗಳ ಹಿಂದೆ ಮೆಸ್ ಬಿಲ್ಲಿನ ಲೆಕ್ಕ ಕೇಳಿದ್ದಕ್ಕೆ ನನಗೂ ಇಂಥದೇ ನೋಟಿಸು ಬಂದಿತ್ತು. ಅಂದು ನಾನು ಮಾಡಿದ ದೊಡ್ಡ ತಪ್ಪೆಂದರೆ, ನಿಲಯದ ಕಚೇರಿಗೆ ಹೋಗಿ ಅತ್ತುಕೊಂಡು ಬಾಯಿಮಾತಿನಲ್ಲಿ ಕ್ಷಮೆ ಕೇಳಿದ್ದು. ಆ ಕ್ಷಮೆಯನ್ನೇ ತಪ್ಪೊಪ್ಪಿಗೆಯೆಂದು ಕಡತದಲ್ಲಿ ಬರೆದುಕೊಂಡರು. ಆದ್ದರಿಂದ ನೀವು ಬಾಯಿಮಾತಿಗೆ ಹೋಗಬೇಡಿ. ಕುಲಸಚಿವರಿಗೆ ಒಂದು ಪುಟದ ಪತ್ರ ಬರೆಯಿರಿ. ಪ್ರತಿಯನ್ನು ಕುಲಪತಿಗಳಿಗೂ ನಿಮ್ಮ ವಿಭಾಗದ ಮುಖ್ಯಸ್ಥರಿಗೂ ಕಳುಹಿಸಿ. ನೋಟಿಸಿನ ದಿನಾಂಕ, ಮೂರು ಸಲ ತಡವಾದ ದಿನಾಂಕಗಳು, ಪ್ರತಿ ದಿನದ ಕಾರಣ, ಮಾರ್ಗದರ್ಶಕರ ಪತ್ರದ ನಕಲು ಇಷ್ಟು ಸಾಕು. ಯಾವ ನಿಯಮ ಉಲ್ಲಂಘನೆಯಾಗಿದೆ ಎಂಬುದನ್ನೂ ದೂರುಗಳ ಸಾರಾಂಶವನ್ನೂ ಲಿಖಿತವಾಗಿ ಕೊಡಬೇಕೆಂದು, ವಿಚಾರಣೆ ಮುಗಿಯುವವರೆಗೆ ನೋಟಿಸನ್ನು ತಡೆಹಿಡಿಯಬೇಕೆಂದು ಕೋರಿ. ಸಿಟ್ಟಿನ ಒಂದು ಪದವೂ ಬೇಡ. ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ ಮತ್ತು ಸಹಿ ಹಾಕಿಸಿಕೊಳ್ಳಿ. ಗುಮಾಸ್ತರು ನಾಳೆ ಬಾ ಎಂದರೂ ಮೊಹರು ಬೀಳುವವರೆಗೆ ಅಲ್ಲಿಂದ ಕದಲಬೇಡಿ.

ಅದೇ ದಿನ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ಸಮಿತಿಗೂ ಅರ್ಜಿ ಹಾಕಿ. ಯುಜಿಸಿಯ 2023ರ ನಿಯಮಾವಳಿಯಂತೆ ಪ್ರತಿ ಸಂಸ್ಥೆಯಲ್ಲಿಯೂ ಪ್ರಾಧ್ಯಾಪಕರೊಬ್ಬರ ಅಧ್ಯಕ್ಷತೆಯಲ್ಲಿ ಈ ಸಮಿತಿ ಇರಲೇಬೇಕು. ಅದರಲ್ಲಿ ಕನಿಷ್ಠ ಒಬ್ಬ ಮಹಿಳೆಯೂ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಅಥವಾ ಹಿಂದುಳಿದ ವರ್ಗದ ಒಬ್ಬರೂ ಇರಬೇಕು. ದೂರು ತಲುಪಿದ 15 ಕೆಲಸದ ದಿನಗಳಲ್ಲಿ ಸಮಿತಿ ವರದಿ ಕೊಡಬೇಕು. ಅದರಿಂದ ತೃಪ್ತಿಯಾಗದಿದ್ದರೆ 15 ದಿನದೊಳಗೆ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್, ಅಂದರೆ ವಿದ್ಯಾರ್ಥಿಗಳ ಮೇಲ್ಮನವಿ ಆಲಿಸಲು ನೇಮಕವಾದವರು, ಅವರಿಗೆ ಮೇಲ್ಮನವಿ ಸಲ್ಲಿಸಬಹುದು. ನನ್ನ ಪ್ರಕರಣ ತಿಂಗಳುಗಟ್ಟಲೆ ಎಳೆದಾಡಿತ್ತು. ಅವಧಿ ನಿಗದಿಯಾಗಿರುವುದೇ ದೊಡ್ಡ ಉಪಕಾರ.

ವಕೀಲರಿಗೆ ಹಣವಿಲ್ಲವೆಂದು ಹಿಂಜರಿಯಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ದೊರೆಯುತ್ತದೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿಯೇ ಆ ಪ್ರಾಧಿಕಾರದ ಕಚೇರಿ ಇರುತ್ತದೆ. 15100 ಅವರ ಸಹಾಯವಾಣಿ.

ಮರುಬರಹ: ಎಂ.ಎ. ಎರಡನೇ ವರ್ಷದ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರಗಳು. ಹನ್ನೆರಡು ದಿನಗಳಾದವು, ಆದುದನ್ನು ತಿಳಿಸುವುದು ನನ್ನ ಕರ್ತವ್ಯ.

ಪತ್ರವನ್ನು ಟಪಾಲು ವಿಭಾಗದಲ್ಲಿ ಕೊಟ್ಟೆ, ಮೊಹರು ಬೀಳುವವರೆಗೆ ಒಂದೂವರೆ ಗಂಟೆ ನಿಂತೆ. ಅದೇ ಸಂಜೆ ವಿಭಾಗದ ಮುಖ್ಯಸ್ಥರು ಕುಲಸಚಿವರ ಬಳಿಗೆ ಸ್ವತಃ ಹೋಗಿ ಮಾತನಾಡಿದರು. ಮುಂದಿನ ಆದೇಶದವರೆಗೆ ನೋಟಿಸನ್ನು ತಡೆಹಿಡಿಯಲಾಗಿದೆ ಎಂಬ ಪತ್ರ ಮರುದಿನ ಬಂತು. ನಾನು ಇನ್ನೂ ಅದೇ ಕೊಠಡಿಯಲ್ಲಿದ್ದೇನೆ. ನಿವೃತ್ತ ನಿಲಯಪಾಲಕರು ಕೇಳಿದ ಪ್ರಶ್ನೆಗೆ ನೇರವಾಗಿ ಉತ್ತರಿಸುತ್ತೇನೆ, ಸರ್: ಎರಡು ಸಲ ಹಳ್ಳಿಯ ಹೆಸರು ಸಹಿತ ಬರೆದಿದ್ದೆ, ಒಂದು ಸಲ "ಹೊರಗೆ" ಎಂದಷ್ಟೇ ಬರೆದಿದ್ದೆ. ಅದು ನನ್ನ ತಪ್ಪು. ಸಮಿತಿಗೆ ಬರೆದ ಅರ್ಜಿಯಲ್ಲಿಯೂ ಅದನ್ನು ಒಪ್ಪಿಕೊಂಡಿದ್ದೇನೆ.

ನನ್ನ ತಂದೆಯವರೊಡನೆಯೂ ಮಾತನಾಡಿದೆ. ಅವರು ಸಿಟ್ಟಾಗುತ್ತಾರೆಂದು ಹೆದರಿದ್ದೆ. ಅವರು ಕೇಳಿದ್ದು ಒಂದೇ: "ಅರ್ಧ ಗಂಟೆ ಹೊರಗ ನಿಲ್ಲಿಸಿದಾಗ ನನಗ್ಯಾಕ ಫೋನ್ ಮಾಡಲಿಲ್ಲ?"

ವಿಚಾರಣೆ ಮುಂದಿನ ಗುರುವಾರ ಇದೆ. ಮಾರ್ಗದರ್ಶಕರನ್ನು ಜೊತೆಗೆ ಕರೆದುಕೊಂಡು ಹೋಗಬಹುದೇ? ಸಮಿತಿಯ ಮುಂದೆ ಗೇಟಿನ ಸಮಯದ ತಾರತಮ್ಯವನ್ನೂ ಎತ್ತಬೇಕೇ, ಅಥವಾ ನನ್ನ ನೋಟಿಸಿಗಷ್ಟೇ ಸೀಮಿತವಾಗಿರಬೇಕೇ?

ಉತ್ತರ: ಹೈಕೋರ್ಟಿನ ಧಾರವಾಡ ಪೀಠದಲ್ಲಿ ವಕೀಲಿ ವೃತ್ತಿಯಲ್ಲಿರುವವರು

ಮಾರ್ಗದರ್ಶಕರನ್ನು ಕರೆತರಲು ಅನುಮತಿ ಕೋರಿ ಇಂದೇ ಒಂದು ಸಾಲಿನ ಪತ್ರ ಕೊಡಿ. ನಿಮ್ಮ ಕ್ಷೇತ್ರಕಾರ್ಯವನ್ನು ದೃಢೀಕರಿಸುವವರಾದ್ದರಿಂದ ಒಪ್ಪುವ ಸಂಭವವೇ ಹೆಚ್ಚು. ಒಪ್ಪದಿದ್ದರೆ ಅವರ ಹೇಳಿಕೆಯನ್ನು ಸಹಿ ಸಹಿತ ಬರೆಸಿ ಒಯ್ಯಿರಿ.

ಎರಡು ವಿಷಯಗಳನ್ನು ಬೆರೆಸಬೇಡಿ. ಗುರುವಾರ ನಿಮ್ಮ ನೋಟಿಸು ಮತ್ತು ಮೊಬೈಲ್ ಶೋಧನೆಯ ಬಗ್ಗೆ ಮಾತ್ರ ಮಾತನಾಡಿ. ಗೇಟಿನ ಸಮಯ ನಿಮ್ಮೊಬ್ಬರ ಪ್ರಶ್ನೆಯಲ್ಲ. ನಿಲಯದ ಇತರ ವಿದ್ಯಾರ್ಥಿನಿಯರ ಸಹಿಗಳೊಡನೆ, 2015ರ ನಿಯಮಾವಳಿಯ ಆ ಭಾಗದ ಪ್ರತಿ ಲಗತ್ತಿಸಿ ಪ್ರತ್ಯೇಕ ಮನವಿ ಕೊಡಿ. ಅದಕ್ಕೆ ಮುಂಚೆ ಮಾಹಿತಿ ಹಕ್ಕಿನಡಿ ಒಂದು ಅರ್ಜಿ ಹಾಕುವುದು ಒಳ್ಳೆಯದು: ಪುರುಷ ಹಾಗೂ ಮಹಿಳಾ ನಿಲಯಗಳ ಪ್ರವೇಶದ ಸಮಯ ನಿಗದಿಪಡಿಸಿದ ಆದೇಶಗಳ ದೃಢೀಕೃತ ಪ್ರತಿ ಕೇಳಿ. ನಮ್ಮ ರಾಜ್ಯದ ನಿಯಮದಂತೆ ನಮೂನೆ "ಎ"ಯಲ್ಲಿ, ಒಂದೇ ವಿಷಯಕ್ಕೆ ಸಂಬಂಧಿಸಿ, 150 ಪದಗಳನ್ನು ಮೀರದೆ ಬರೆಯಬೇಕು. ಶುಲ್ಕ 10 ರೂಪಾಯಿ, ಉತ್ತರಿಸಲು ಅವರಿಗೆ 30 ದಿನಗಳ ಅವಧಿಯಿದೆ. 6.30ರ ನಿಯಮಕ್ಕೆ ಲಿಖಿತ ಆದೇಶವೇ ಇಲ್ಲವೆಂದು ಉತ್ತರ ಬಂದರೂ ನಾನು ಆಶ್ಚರ್ಯಪಡುವುದಿಲ್ಲ. ವಾಡಿಕೆಯಲ್ಲಿ ನಡೆದುಬಂದದ್ದನ್ನೇ ನಿಯಮವೆಂದು ಹೇಳುವುದನ್ನು ಬಹಳ ಕಡೆ ನೋಡಿದ್ದೇನೆ.

ವಿಚಾರಣೆಯ ಕೊನೆಯಲ್ಲಿ ನಡಾವಳಿಗೆ ಸಹಿ ಕೇಳುತ್ತಾರೆ. ಪೂರ್ತಿ ಓದಿ, ನೀವು ಹೇಳಿದ್ದು ಬಿಟ್ಟುಹೋಗಿದ್ದರೆ ಸಹಿಯ ಮೇಲ್ಭಾಗದಲ್ಲಿ ನಿಮ್ಮ ಕೈಯಿಂದಲೇ ಅದನ್ನು ಸೇರಿಸಿ. ಖಾಲಿ ಹಾಳೆಗೆ ಸಹಿ ಮಾಡಬೇಡಿ. ಕೆಳಗೆ ದಿನಾಂಕದ ಜೊತೆಗೆ ವೇಳೆಯನ್ನೂ ಬರೆಯಿರಿ.